ತಳಕಿನ ಎರಡು ಅಚ್ಚುಗಳು

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೊರಟ ಬಸ್ಸು ಎಣ್ಣೆ ಗಿರಣಿಗಳ ಸಾಲನ್ನು ದಾಟಿ ಬಯಲಿಗೆ ಬಿದ್ದಿತೆಂದರೆ, ಮಲೆನಾಡಿನ ಹಸುರನ್ನು ನೋಡುವುದೇ ಪ್ರವಾಸವೆಂದು ತಿಳಿದಿರುವ ಪ್ರಯಾಣಿಕನು ಕಿಟಕಿಗೆ ತಲೆಯೊರಗಿಸಿ ನಿದ್ದೆಗೆ ತೊಡಗುವುದು ವಾಡಿಕೆ. ಅವನನ್ನು ದೂರುವಂತೆಯೂ ಇಲ್ಲ. ರಾಜ್ಯದಲ್ಲೆಲ್ಲ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಜನವರಿಯ ಎರಡನೆಯ ವಾರ ನಾವು ಹೋದಾಗ ಶೇಂಗಾ ಕಿತ್ತು ಬರಿದಾಗಿದ್ದ ಹೊಲಗಳು, ಅವುಗಳ ನಡುವೆ ಮೇಯುತ್ತಿದ್ದ ಕುರಿಹಿಂಡುಗಳು, ಹೆಗಲ ಮೇಲೆ ಕರಿಯ ಕಂಬಳಿ ಹೊದ್ದು ಕೋಲೂರಿ ನಿಂತ ಕುರಿಗಾಹಿಗಳು, ದೂರದಲ್ಲಿ ಕಲ್ಲು ಪೇರಿಸಿಟ್ಟಂತೆ ತೋರುವ ಬೋಳುಗುಡ್ಡಗಳು, ಇಷ್ಟೇ ಕಣ್ಣಿಗೆ ಬೀಳುವ ನೋಟ. ಆದರೆ ಅರ್ಧ ಗಂಟೆ ಕಳೆಯುವುದರೊಳಗೆ ಕಂಡಕ್ಟರು ಕೂಗುವ ಹೆಸರೊಂದು ಕನ್ನಡ ಓದಬಲ್ಲ ಯಾರನ್ನಾದರೂ ಎಚ್ಚರಿಸಬೇಕು. ಆ ಹೆಸರು ತಳಕು.

ಕಂದಾಯದ ಲೆಕ್ಕದಲ್ಲಿ ಇದು ಚಳ್ಳಕೆರೆ ತಾಲ್ಲೂಕಿನ ಒಂದು ಹೋಬಳಿಯ ಊರು; ವಿಧಾನಸಭೆಯ ಚುನಾವಣೆ ಬಂದಾಗ ಮಾತ್ರ ಮೊಳಕಾಲ್ಮೂರಿಗೆ ಸೇರುತ್ತದೆ. ಸಾಹಿತ್ಯದ ಲೆಕ್ಕದಲ್ಲಿ ಇದರ ವಿಸ್ತಾರ ಇನ್ನೂ ದೊಡ್ಡದು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ಟಿ. ಎಸ್. ವೆಂಕಣ್ಣಯ್ಯನವರು ಈ ಊರಿನ ಮನೆತನದವರು. ಕುವೆಂಪು ಅವರು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ಅವರ ತಮ್ಮಂದಿರಾದ ತ. ಸು. ಶಾಮರಾಯರೂ, ತಮ್ಮನ ಮಗನಾದ ತ. ರಾ. ಸುಬ್ಬರಾಯರೂ ಹೆಸರಿನ ಮೊದಲಲ್ಲಿಟ್ಟುಕೊಂಡ ‘ತ’ ಎಂಬ ಅಕ್ಷರ ಈ ಊರೇ. ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ತರಾಸು ಅವರು ತೀರಿಕೊಂಡು ಒಂದು ವರ್ಷವಾಗಿದ್ದಿತು. ಇಂಥ ಊರಿಗೆ ಹೋಗಿ ಬಂದವನು ಸಾಹಿತ್ಯದ ವಿಷಯವನ್ನೇ ಬರೆಯಬೇಕಾದುದು ನ್ಯಾಯ. ಆದರೆ ನಾನು ಬರೆಯಹೊರಟಿರುವುದು ಅಚ್ಚಿನ ವಿಷಯ. ಅದೂ ಪುಸ್ತಕದ ಅಚ್ಚಲ್ಲ. ಸಕ್ಕರೆಯ ಅಚ್ಚು, ಮತ್ತು ಅದಕ್ಕಿಂತ ವಿಚಿತ್ರವಾದ ಇನ್ನೊಂದು.

ತಳಕಿನಲ್ಲಿ ನನ್ನ ಸೋದರತ್ತೆಯ ಮನೆಯಿದೆ. ಅತ್ತೆಗೆ ಎಂಬತ್ತು ದಾಟಿದೆ. ಕಣ್ಣು ಮಂಜಾದರೂ ಬೆರಳು ಇನ್ನೂ ಚುರುಕು. ಸಂಕ್ರಾಂತಿಗೆ ಒಮ್ಮೆಯಾದರೂ ಮಕ್ಕಳನ್ನು ಕರೆದುಕೊಂಡು ಬಾರೆಂದು ಅವರು ಹತ್ತು ವರ್ಷಗಳಿಂದ ಹೇಳಿ ಕಳುಹಿಸುತ್ತಿದ್ದರು. ಈ ವರ್ಷ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಹೊರಟೆ. ನಾವು ಹೋಗಿ ಇಳಿದ ದಿನ ಸಂಜೆ ಅತ್ತೆ ನಡುಮನೆಯಲ್ಲಿ ಕುಳಿತು, ಅಟ್ಟದಿಂದ ಇಳಿಸಿದ್ದ ಒಂದು ತಗಡಿನ ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಮರದ ಅಚ್ಚುಗಳಿದ್ದವು. ಗಿಳಿ, ಆನೆ, ಬಸವ, ಗೋಪುರ, ಬಾಳೆಗೊನೆ, ಮೀನು! ಸಾಗುವಾನಿ ಮರ ಕೈಯಾಡಿ ಕೈಯಾಡಿ ಹುಣಸೆ ಬೀಜದಂತೆ ನುಣುಪಾಗಿದ್ದಿತು. ಒಂದೊಂದು ಅಚ್ಚಿಗೂ ಎರಡು ಹೋಳು. ಗೋಪುರಕ್ಕೆ ಮಾತ್ರ ನಾಲ್ಕು. ಒಂದು ಹೋಳಿನಲ್ಲಿ ಪುಟ್ಟ ಗೂಟ, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ಗುಳಿ. ಜೋಡಿ ತಪ್ಪಿದರೆ ಗಿಳಿಯ ಕೊಕ್ಕು ಒಂದು ಕಡೆ, ಕತ್ತು ಇನ್ನೊಂದು ಕಡೆ ಆಗುವುದು.

ಓದುಗರಲ್ಲಿ ಬಹುಮಂದಿ ಈಗ ಸಕ್ಕರೆ ಅಚ್ಚನ್ನು ಅಂಗಡಿಯಿಂದ ಪೊಟ್ಟಣದಲ್ಲಿ ತರುವವರು. ನಮ್ಮ ಮನೆಯೂ ಹಾಗೆಯೇ. ಹಳೆಯ ಮೈಸೂರಿನ ಕಡೆ ಎಳ್ಳು ಬೀರುವಾಗ ಇದು ಬೇಕು; ಉತ್ತರದ ಜಿಲ್ಲೆಗಳಲ್ಲಿ ಇದೇ ಬಗೆಯ ಅಚ್ಚಿನಿಂದ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುತ್ತಾರೆ. ತಳಕು ಈ ಎರಡು ಸೀಮೆಗಳ ನಡುವಿನ ಹೊಸ್ತಿಲಿನ ಮೇಲೆ ಕುಳಿತ ಊರು. ಅತ್ತೆಯ ತವರು ದಕ್ಷಿಣ, ಅವರ ಅತ್ತೆಯ ತವರು ಬಳ್ಳಾರಿಯ ಕಡೆ. ಆದ್ದರಿಂದ ಅವರ ಪೆಟ್ಟಿಗೆ ವರ್ಷಕ್ಕೆ ಎರಡು ಸಲ ಅಟ್ಟದಿಂದ ಇಳಿಯುತ್ತಿದ್ದಿತು.

ಮರುದಿನ ಬೆಳಗ್ಗೆ ಹಿತ್ತಿಲಿಗೆ ಹೋದಾಗ ಇನ್ನೊಂದು ಅಚ್ಚಿನ ದರ್ಶನವಾಯಿತು.

ಹುಣಸೆ ಮರದ ಕೆಳಗೆ ಒಂದು ಮೇಜು. ಅದರ ಮೇಲೆ ವಿದ್ಯುತ್ತಿನ ಒಲೆ, ದಪ್ಪ ತಳದ ಸಣ್ಣ ಪಾತ್ರೆ, ಉದ್ದ ಕಡ್ಡಿಯ ಉಷ್ಣಮಾಪಕ, ಬಣ್ಣದ ಶೀಸೆಗಳು, ಮತ್ತು ಬಿಳಿಯ ಸುಣ್ಣದ ಇಟ್ಟಿಗೆಗಳಂತೆ ಕಾಣುವ ನಾಲ್ಕಾರು ಗಟ್ಟಿಗಳು. ಅವುಗಳ ಮುಂದೆ ಅತ್ತೆಯ ಮೊಮ್ಮಗ ಮುಖ ಗಂಟಿಕ್ಕಿಕೊಂಡು ಕುಳಿತಿದ್ದನು. ಎಡಗೈಗೆ ಬಟ್ಟೆ ಸುತ್ತಿದ್ದಿತು. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಐದು ವರ್ಷ ದುಡಿದು, ಅಲ್ಲಿ ಕೆಲಸ ಹೋದ ಮೇಲೆ ಊರಿಗೆ ಮರಳಿದ ಹುಡುಗ. ಕೆಲಸ ಹೋದದ್ದಕ್ಕಿಂತ, ಮರಳಿ ಬಂದವನು ಮಾಡುತ್ತಿರುವ ಕೆಲಸವೇ ಅವನ ತಂದೆಗೆ, ಎಂದರೆ ನಮ್ಮ ಭಾವನಿಗೆ, ಹೆಚ್ಚಿನ ಚಿಂತೆಯಾಗಿದ್ದಿತು.

‘ಇದೇನಪ್ಪಾ?’ ಎಂದೆ.

‘ಮೀನಿನ ಹುಸಿ ಎರೆ, ಮಾವ. ಮೆತ್ತನೆ ಪ್ಲಾಸ್ಟಿಕ್ಕಿನದು’ ಎಂದು ಹುಡುಗ ಒಂದನ್ನು ನನ್ನ ಅಂಗೈಯಲ್ಲಿಟ್ಟನು. ಕಿರುಬೆರಳುದ್ದದ ಮೀನು, ಒತ್ತಿದರೆ ಹಲಸಿನ ತೊಳೆಯಂತೆ ಬಾಗುವುದು. ಬಾಲದ ತುದಿಯಲ್ಲಿ ಪುಟ್ಟ ಹುಟ್ಟಿನಂಥ ಅಗಲ. ದಾರ ಎಳೆದಾಗ ಈ ಬಾಲ ಅತ್ತಿತ್ತ ಬಡಿದು, ನೀರಿನಲ್ಲಿ ಜೀವವಿರುವ ಮೀನಿನ ಭ್ರಮೆ ಹುಟ್ಟಿಸುತ್ತದೆ. ಕೊರವ ಮೀನಿನಂಥ ಬೇಟೆಗಾರ ಮೀನುಗಳು ಅದನ್ನು ಕಂಡು ಎರಗುತ್ತವೆ.

ನೀರಿಲ್ಲದ ಸೀಮೆಯಲ್ಲಿ ಮೀನಿನ ಹವ್ಯಾಸ ಎಲ್ಲಿಂದ ಬಂದಿತೆಂದು ಕೇಳುವುದು ಸಹಜ. ಅದಕ್ಕೆ ಉತ್ತರ 2022ರ ಮಳೆಗಾಲ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ತುಂಬಿ ಹರಿದದ್ದು ಬಿಟ್ಟರೆ, ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಮೇಲೆ, ಆ ವರ್ಷದ ಸೆಪ್ಟೆಂಬರಿನಲ್ಲಿ. ಅಜ್ಜಂದಿರ ಬಾಯಲ್ಲಿ ಕೇಳಿದ್ದ ನೋಟವನ್ನು ಮೊಮ್ಮಕ್ಕಳು ಕಣ್ಣಾರೆ ಕಂಡರು. ಆ ಮಳೆಯಲ್ಲಿ ಸುತ್ತಲಿನ ಕೆರೆಗಳಿಗೂ ನೀರು ಬಂದಿತು. ನೀರಿನ ಹಿಂದೆಯೇ ಮೀನೂ ಬಂದಿತು. ಆಗ ರಜೆಯ ಮೇಲೆ ಊರಿಗೆ ಬಂದಿದ್ದ ಹುಡುಗ ಏರಿಯ ಮೇಲೆ ಕುಳಿತು ಗಾಳ ಹಾಕುವುದನ್ನು ಕಲಿತನು. ಮೊದಲು ಎರೆಹುಳು, ಆಮೇಲೆ ಅಂಗಡಿಯ ಪರದೇಶಿ ಎರೆ, ಅದರ ಬೆಲೆ ಕೈಗೆ ಹತ್ತದಾದಾಗ ತಾನೇ ಏಕೆ ಎರಕ ಹೊಯ್ಯಬಾರದೆಂಬ ಯೋಚನೆ.

ಆ ಯೋಚನೆ ಅವನಿಗೆ ಮೊದಲು ಹುಟ್ಟಿದ್ದೂ ಅಲ್ಲ. ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ ನಿಕ್ ಕ್ರೀಮ್ ಎಂಬಾತ 1949ರಲ್ಲಿ ತನ್ನ ಅಡುಗೆಮನೆಯ ಒಲೆಯ ಮೇಲೆಯೇ ಕಾಯಿಸಿ ಹೊಯ್ದ ಪ್ಲಾಸ್ಟಿಕ್ ಎರೆಹುಳುವಿನಿಂದ ಈ ಉದ್ಯಮವೆಲ್ಲ ಬೆಳೆಯಿತು. ಹುಡುಗನಿಗೆ ಇದು ತಿಳಿದಿದ್ದಿತು. ‘ಅಡುಗೆಮನೆಯಲ್ಲಿ ಮಾತ್ರ ಮಾಡಕೂಡದು ಮಾವ, ಹೊಗೆ ಕೆಟ್ಟದ್ದು’ ಎಂದು ಸೇರಿಸಿದನು.

ಅವನು ತೋರಿಸಿದ ಕ್ರಮವನ್ನು ಇಲ್ಲಿ ಸಂಗ್ರಹಿಸಿ ಹೇಳುತ್ತೇನೆ. ಪ್ಲಾಸ್ಟಿಸಾಲ್ ಎಂಬ ಹಾಲಿನಂಥ ದ್ರವವಿದೆ. ಪಿವಿಸಿಯ ನುಣ್ಣನೆಯ ಪುಡಿ ಎಣ್ಣೆಯಂಥ ಮೃದುಕಾರಿಯಲ್ಲಿ ತೇಲುತ್ತಿರುವ ಮಿಶ್ರಣ ಅದು. ಕಾಯಿಸುತ್ತ ಹೋದರೆ ಮೊದಲು ಮುದ್ದೆಗಟ್ಟುವುದು. 170 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಮತ್ತೆ ಕರಗಿ, ತಿಳಿಯಾಗಿ, ಜೇನಿನಂತೆ ಹರಿಯುವುದು. ಅದಕ್ಕಿಂತ ಬಹಳ ಮೇಲೆ ಹೋದರೆ ಹಳದಿಗೆ ತಿರುಗಿ ಸುಟ್ಟು, ಗಂಟಲು ಕೊರೆಯುವ ಆಮ್ಲದ ಹೊಗೆ ಬಿಡುವುದು. ಆದ್ದರಿಂದಲೇ ಬಯಲಿನ ಮೇಜು, ಕನ್ನಡಕ, ಕೈಗವಸು, ಅಡುಗೆಗೆ ಮತ್ತೆಂದೂ ಮುಟ್ಟದ ಪಾತ್ರೆ. ಅಚ್ಚನ್ನು ಅವನು ಪ್ಲಾಸ್ಟರ್ ಆಫ್ ಪ್ಯಾರಿಸಿನಲ್ಲಿ ತಾನೇ ಮಾಡಿದ್ದನು. ಮಾದರಿ ಮೀನನ್ನು ಅರ್ಧ ಮುಳುಗುವಂತೆ ಒತ್ತಿ ಒಂದು ಹೋಳು. ಅದು ಗಟ್ಟಿಯಾದ ಮೇಲೆ ಮೂಲೆಗಳಲ್ಲಿ ಗುಳಿ ತೋಡಿ, ಜಿಡ್ಡು ಸವರಿ, ಮೇಲೆ ಹೊಯ್ದದ್ದು ಇನ್ನೊಂದು ಹೋಳು. ಒಣಗಿಸಿ, ಒಳಮೈಗೆ ಎಪಾಕ್ಸಿ ಸವರಿದರೆ ಅಚ್ಚು ಸಿದ್ಧ. ಗುಳಿಯೂ ಗೂಟವೂ ಅತ್ತೆಯ ಪೆಟ್ಟಿಗೆಯಲ್ಲಿದ್ದಂಥವೇ ಎಂಬುದನ್ನು ಆಗಲೇ ಗಮನಿಸಿದೆ.

ಕಷ್ಟವಿದ್ದುದು ಮಾಡುವುದರಲ್ಲಲ್ಲ, ಮುಚ್ಚಿ ಹಿಡಿಯುವುದರಲ್ಲಿ. ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಎರಡು ಹೋಳುಗಳನ್ನು ಹಿಡಿಸಿದಾಗ ಕಾದ ಪ್ಲಾಸ್ಟಿಕ್ಕು ಅಂಚಿನ ಸಂದಿಗೆ ನುಗ್ಗಿ, ಮೀನಿನ ಸುತ್ತ ಬಾವಲಿಯ ರೆಕ್ಕೆಯಂಥ ತೆಳು ಪೊರೆ ಕಟ್ಟಿತು. ರೆಕ್ಕೆಯಿದ್ದ ಮೀನು ನೀರಿನಲ್ಲಿ ಗಿರಗಿರನೆ ಸುತ್ತುವುದೇ ಹೊರತು ಈಜುವುದಿಲ್ಲ. ಬಿಗಿ ಸಾಲದೆಂದು ಬಡಗಿಯ ಹತ್ತಿರ ಕಬ್ಬಿಣದ ಕ್ಲಾಂಪು ತಂದು ಅಚ್ಚಿನ ನಟ್ಟನಡುವೆ ತಿರುಗಿಸಿದನು. ಬಾಲದ ಕಡೆಯ ಸಂದಿ ಇನ್ನಷ್ಟು ಬಾಯ್ದೆರೆಯಿತು. ಇನ್ನೂ ಒಂದು ಸುತ್ತು ತಿರುಗಿಸಿದಾಗ ಅಚ್ಚು ಚಟ್ಟೆಂದು ಎರಡಾಯಿತು. ಅದಕ್ಕೂ ಮೊದಲಿನ ಒಂದು ಅಚ್ಚಂತೂ ಹೊಯ್ದ ಕ್ಷಣದಲ್ಲೇ ಉಗುಳಿ ಅವನ ಕೈ ಸುಟ್ಟಿದ್ದಿತು. ಬೆಂಗಳೂರಿನ ಗಾಳದ ಹವ್ಯಾಸಿಗಳಿಬ್ಬರು ಐವತ್ತು ಮೀನುಗಳನ್ನು ಕೇಳಿದ್ದರು. ಆಗಿದ್ದುದು ನಾಲ್ಕು.

ಭಾವ ಅಷ್ಟರಲ್ಲಿ ಕಟ್ಟೆಯ ಮೇಲೆ ಬಂದು ನಿಂತಿದ್ದರು. ಹುಡುಗನ ಕಡೆ ನೋಡದೆ ನನಗೆ ಹೇಳುವವರಂತೆ, ‘ಹಬ್ಬದೊಳಗೆ ಇದು ಸರಿಹೋಗದಿದ್ದರೆ ಆ ಒಲೆಯನ್ನು ಮಾರಿಬಿಡೋದು ಅಂತ ಹೇಳಿದ್ದೇನೆ. ಕೈ ಸುಟ್ಟುಕೊಂಡದ್ದು ಸಾಕು’ ಎಂದರು. ಹುಡುಗನೂ ನನ್ನ ಕಡೆಗೇ ತಿರುಗಿ, ‘ಹಬ್ಬಕ್ಕೆ ಇನ್ನೂ ಎರಡು ದಿವಸ ಇದೆ ಮಾವ’ ಎಂದನು. ತಂದೆಮಕ್ಕಳು ತಿಂಗಳಿಂದ ಹೀಗೆ ಮೂರನೆಯವರ ಮೂಲಕವೇ ಮಾತನಾಡುತ್ತಿದ್ದಾರೆಂದು ಅಕ್ಕ ಆಮೇಲೆ ಒಳಗೆ ನನ್ನ ಹೆಂಡತಿಗೆ ತಿಳಿಸಿದರಂತೆ.

ಆ ಸಂಜೆ ಅತ್ತೆ ಸಕ್ಕರೆಗೆ ಕುಳಿತರು. ಬೆಳಗಿನಿಂದ ಅಚ್ಚುಗಳು ನೀರಿನ ಕೊಳಗದಲ್ಲಿ ನೆನೆಯುತ್ತಿದ್ದವು. ನೀರು ಕುಡಿದ ಮರ ಪಾಕವನ್ನು ಅಂಟಗೊಡುವುದಿಲ್ಲ. ಅಲ್ಲದೆ ತುಸು ಉಬ್ಬಿ ಸಂದಿಯನ್ನು ತಾನೇ ಮುಚ್ಚುತ್ತದೆ. ಸಕ್ಕರೆಗೆ ನೀರು ಬೆರೆಸಿ ಕುದಿಸಿ, ಒಂದು ಹಿಡಿ ಹಾಲು ಹೊಯ್ದಾಗ ಕೊಳೆಯೆಲ್ಲ ನೊರೆಯಾಗಿ ಮೇಲೆದ್ದಿತು. ಅದನ್ನು ತೆಗೆದು, ಬಟ್ಟೆಯಲ್ಲಿ ಶೋಧಿಸಿದ ಪಾಕ ಕನ್ನಡಿಯಂತಿದ್ದಿತು. ಅಷ್ಟನ್ನೂ ಒಮ್ಮೆಗೇ ಹೊಯ್ಯುವಂತಿಲ್ಲ. ಒಂದು ಸೌಟಿನಷ್ಟನ್ನು ಸಣ್ಣ ಬೋಗುಣಿಗೆ ಹಾಕಿ, ಒಲೆಯ ಮೇಲೆ ಕೈಬಿಡದೆ ಕದಡುತ್ತ, ಅಂಚು ಬೆಳ್ಳಗಾಗತೊಡಗಿದ ಗಳಿಗೆಯಲ್ಲಿ ಅಚ್ಚಿನ ಬಾಯಿಗೆ ಸುರಿಯಬೇಕು. ಮೊದಲೇ ಸುರಿದರೆ ಗಟ್ಟಿಯಾಗದು. ತಡವಾದರೆ ಬೋಗುಣಿಯಲ್ಲೇ ಕಲ್ಲಾಗುವುದು.

ಆದರೆ ಸುರಿಯುವುದಕ್ಕೆ ಮೊದಲಿನ ಕೆಲಸದ ಮೇಲೆ ನನ್ನ ಕಣ್ಣು ನೆಟ್ಟಿತು. ಅತ್ತೆ ಮೀನಿನ ಅಚ್ಚಿನ ಎರಡು ಹೋಳುಗಳನ್ನು ತೆಗೆದುಕೊಂಡು, ಬೆರಳಿನ ತುದಿಯಿಂದ ಅವುಗಳ ಅಂಚನ್ನೆಲ್ಲ ಸವರಿ ನೋಡಿದರು. ಕಳೆದ ವರ್ಷದ ಸಕ್ಕರೆಯ ಒಂದು ಹರಳು ಸಿಕ್ಕಿತು. ಉಗುರಿನಿಂದ ಕೆರೆದು ತೆಗೆದರು. ಹೋಳುಗಳನ್ನು ಕೂಡಿಸಿ ದೀಪದ ಎದುರಿಗೆ ಹಿಡಿದರು. ಬೆಳಕು ಎಲ್ಲಿಯೂ ನುಸುಳಲಿಲ್ಲ. ಆಮೇಲೆ ಹುರಿದಾರ ಕೈಗೆತ್ತಿಕೊಂಡು ತಲೆಯ ಕಡೆ ಎರಡು ಸುತ್ತು, ಬಾಲದ ಕಡೆ ಎರಡು ಸುತ್ತು, ನಡುವೆ ಒಂದು. ಯಾವುದನ್ನೂ ಒಮ್ಮೆಗೇ ಎಳೆದು ಕಟ್ಟಲಿಲ್ಲ. ತಲೆಯ ಕಡೆ ಸ್ವಲ್ಪ, ಬಾಲದ ಕಡೆ ಸ್ವಲ್ಪ, ಮತ್ತೆ ತಲೆಯ ಕಡೆ. ಹೀಗೆ ಸರದಿಯ ಮೇಲೆ ಬಿಗಿಸಿ, ಕೊನೆಗೆ ದಾರದಡಿಗೆ ಬಿದಿರಿನ ಒಂದು ಚಿಕ್ಕ ಬೆಣೆಯನ್ನು ತೂರಿಸಿದರು. ನನ್ನ ಮಗಳು ತಾನೂ ಒಂದು ಕಟ್ಟುತ್ತೇನೆಂದು ಗಿಳಿಯನ್ನು ತೆಗೆದುಕೊಂಡು ಹಲ್ಲುಕಚ್ಚಿ ಎಳೆದಳು.

‘ಅಷ್ಟು ಬಿಗಿ ಬ್ಯಾಡ ಕಣವ್ವ’ ಎಂದರು ಅತ್ತೆ. ‘ನಡುವೆ ಹಿಂಡಿದರೆ ತುದಿ ಬಾಯಿ ಬಿಡ್ತೈತೆ. ಬಾಯಿಗೆ ಬಾಯಿ ಕೂತರೆ ದಾರ ಸಾಕು. ಕೂರದಿದ್ದರೆ ಸರಪಳಿ ಹಾಕಿದರೂ ಸಾಲದು.’

ಬಾಗಿಲಿಗೆ ಒರಗಿ ನಿಂತಿದ್ದ ಮೊಮ್ಮಗ ಈ ಮಾತನ್ನು ಕೇಳಿ ಥಟ್ಟನೆ ಹಿತ್ತಿಲಿಗೆ ಹೋದನು. ಹಿಂತಿರುಗಿದಾಗ ಅವನ ಕೈಯಲ್ಲಿ ಉಳಿದಿದ್ದ ಒಂದೇ ಒಂದು ಸುಣ್ಣದ ಅಚ್ಚು ಇದ್ದಿತು.

‘ಇದನ್ನು ನೋಡಜ್ಜಿ.’

ಮೀನು ಮಾಂಸದ ವಾಸನೆಯೇ ಸುಳಿಯದ ಮನೆ ಅದು. ಮೊಮ್ಮಗ ಹಿಡಿದ ಮೀನು ಕೆರೆಗೆ ಹಿಂತಿರುಗುವುದು, ಇಲ್ಲವೆ ಬೇಕಾದವರ ಮನೆಗೆ ಹೋಗುವುದು; ಹೊಸ್ತಿಲು ಮಾತ್ರ ದಾಟಕೂಡದು. ಅತ್ತೆ ಒಂದು ನಿಮಿಷ ಅನುಮಾನಿಸಿದರು. ಆಮೇಲೆ, ‘ಈ ಒಲೆಯ ಹತ್ತಿರ ಬ್ಯಾಡ. ಬೆಳಗ್ಗೆ ಜಗಲಿಗೆ ತಾ’ ಎಂದರು.

ಬೆಳಗ್ಗೆ ಜಗಲಿಯ ಮೇಲೆ ನಡೆದ ಪರೀಕ್ಷೆಯನ್ನು ನಾನು ಮರೆಯಲಾರೆ. ಮಂಜುಗಣ್ಣಿನ ಅತ್ತೆ ಅಚ್ಚಿನ ಅಂಚನ್ನು ಬೆರಳಿನಿಂದ ಸವರಿದರು. ಎಪಾಕ್ಸಿಯ ನುಣುಪಿನ ಮೇಲೆ ಬೆರಳಿಗೆ ಏನೂ ತಿಳಿಯಲಿಲ್ಲ. ಬೆಳಕಿಗೆ ಹಿಡಿಯಹೇಳಿದರು, ಅಚ್ಚು ದಪ್ಪವಾದ್ದರಿಂದ ಅದೂ ಆಗಲಿಲ್ಲ. ಕೊನೆಗೆ ಮಗಳನ್ನು ಕರೆದು ಅರಿಶಿನದ ಬಟ್ಟಲು ತರಿಸಿದರು. ಒಂದು ಹೋಳಿನ ಮುಖದ ಮೇಲೆ ಒಣ ಅರಿಶಿನವನ್ನು ಗಾಳಿಗೆ ಹಾರುವಷ್ಟು ತೆಳ್ಳಗೆ ಉದುರಿಸಿ, ಇನ್ನೊಂದು ಹೋಳನ್ನು ಅದರ ಮೇಲಿಟ್ಟು ಮೆಲ್ಲನೆ ಒತ್ತಿ ತೆಗೆಯಿಸಿದರು. ಎರಡೂ ಮುಖಗಳು ಸರಿಯಾಗಿ ಕೂತಿದ್ದರೆ ಮೇಲಿನ ಹೋಳಿನ ಅಂಚೆಲ್ಲ ಹಳದಿಯಾಗಬೇಕಾಗಿದ್ದಿತು. ಹಳದಿ ಹತ್ತಿದ್ದುದು ತಲೆಯ ಕಡೆ ಒಂದು ಮೂಲೆಗೆ, ಮತ್ತು ಬಾಲದ ಬಳಿ ಒಂದು ಚುಕ್ಕೆಗೆ. ಉಳಿದುದೆಲ್ಲ ಬೆಳ್ಳಗೆ.

ಹುಡುಗ ಆ ಚುಕ್ಕೆಯ ಮೇಲೆ ಬ್ಲೇಡಿನ ಮೊನೆ ಇಟ್ಟನು. ಸಾಸಿವೆಯ ಕಾಲುಭಾಗದಷ್ಟು ದೊಡ್ಡದಾದ, ಸವರುವಾಗ ಕೆಳಗಿಳಿದು ಗಟ್ಟಿಯಾಗಿದ್ದ ಎಪಾಕ್ಸಿಯ ಒಂದು ತೊಟ್ಟು! ಎರಡು ಹೋಳುಗಳೂ ಅದರ ಮೇಲೆ ತಕ್ಕಡಿಯಂತೆ ನಿಂತಿದ್ದವು. ಕ್ಲಾಂಪು ಎಷ್ಟು ತಿರುಗಿಸಿದರೂ ಒತ್ತಡ ಬೀಳುತ್ತಿದ್ದುದು ಆ ತೊಟ್ಟಿನ ಮೇಲೆ. ಸಂದಿ ಮುಚ್ಚುವ ಬದಲು ಸುಣ್ಣ ಒಡೆಯುತ್ತಿದ್ದಿತು. ಕಾರ್ಖಾನೆಗಳಲ್ಲಿ ಲೋಹದ ಮುಖಗಳನ್ನು ಕೂಡಿಸುವಾಗ ನೀಲಿಯ ಬಣ್ಣ ಸವರಿ ಇದೇ ರೀತಿ ಪರೀಕ್ಷಿಸುವರೆಂದು ಹುಡುಗ ಆಗ ನೆನೆಸಿಕೊಂಡು, ‘ಐದು ವರ್ಷ ಅದನ್ನೇ ಮಾಡಿದ್ದೆ ಮಾವ! ಇಲ್ಲಿ ಹೊಳೆಯಲೇ ಇಲ್ಲ’ ಎಂದು ಹಣೆ ಬಡಿದುಕೊಂಡನು.

ತೊಟ್ಟನ್ನು ಕೆರೆದು, ಮರಳುಕಾಗದದಿಂದ ಉಜ್ಜಿ, ಮತ್ತೆ ಅರಿಶಿನ. ಮತ್ತೆ ಉಜ್ಜಿ, ಮತ್ತೆ ಅರಿಶಿನ. ನಾಲ್ಕನೆಯ ಸಲಕ್ಕೆ ಮೀನಿನ ಸುತ್ತ ಹಳದಿಯ ಗೆರೆ ಎಲ್ಲಿಯೂ ಕಡಿಯದೆ ಮೂಡಿತು. ಅಷ್ಟಾದ ಮೇಲೆ ಕಟ್ಟುವ ಪ್ರಶ್ನೆ. ಸುಣ್ಣದ ಅಚ್ಚಿಗೆ ದಾರವನ್ನೇ ಬಿಗಿದರೆ ದಾರ ಕೂತ ಕಡೆ ಮಾತ್ರ ಒತ್ತುವುದು. ಆದ್ದರಿಂದ ಅಚ್ಚಿನ ಎರಡೂ ಬದಿಗೆ ಅಷ್ಟೇ ಅಗಲದ ಸಮತಟ್ಟಾದ ಹಲಗೆಯ ತುಂಡುಗಳನ್ನಿಟ್ಟು, ಅವುಗಳ ಮೇಲೆ ತಲೆಗೊಂದು ಬಾಲಕ್ಕೊಂದು ಸಣ್ಣ ಕ್ಲಾಂಪು ಹಾಕಿ, ಸರದಿಯ ಮೇಲೆ ಕಾಲು ಸುತ್ತು ಕಾಲು ಸುತ್ತಾಗಿ ತಿರುಗಿಸುವುದೆಂದು ತೀರ್ಮಾನವಾಯಿತು. ಒತ್ತಡವನ್ನು ಹಲಗೆ ಹಂಚುವುದು. ಬೆರಳಿನ ಬಲಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಮೆತ್ತಗಿರುವ ಸಿಲಿಕೋನಿನ ಅಚ್ಚಾದರಂತೂ ಹಲಗೆ ಇಲ್ಲದೆ ಹಿಡಿದರೆ ಮೀನೇ ಚಪ್ಪಟೆಯಾಗಿ ಹುಟ್ಟುವುದೆಂದು ಹುಡುಗ ವಿವರಿಸಿದನು.

‘ಇನ್ನು ನೀರಿಗೆ ಹಾಕು’ ಎಂದರು ಅತ್ತೆ.

‘ಅಯ್ಯೋ, ಬೇಡಜ್ಜಿ! ಅದರಿಂದಲೇ ಕೈ ಸುಟ್ಟದ್ದು.’

ಅಜ್ಜಿಯ ವಿದ್ಯೆ ಮುಗಿದು ಮೊಮ್ಮಗನ ವಿದ್ಯೆ ಆರಂಭವಾಗುವ ಗಡಿ ಇದು. ಸಕ್ಕರೆ ಪಾಕ ಕುದಿಯುವ ನೀರಿಗಿಂತ ಸ್ವಲ್ಪವೇ ಹೆಚ್ಚು ಬಿಸಿ; ಹಸಿ ಮರ ಅದನ್ನು ತಡೆದುಕೊಳ್ಳುತ್ತದೆ. 170 ಡಿಗ್ರಿಯ ಪ್ಲಾಸ್ಟಿಕ್ಕಿಗೆ ಒಂದು ಹನಿ ನೀರು ತಗುಲಿದರೂ ಅದು ಕ್ಷಣದಲ್ಲಿ ಆವಿಯಾಗಿ, ಮೇಲಿದ್ದ ಬಿಸಿಯನ್ನೆಲ್ಲ ಎರಚಿಬಿಡುವುದು. ಹುಡುಗನ ಮೊದಲ ಅಚ್ಚು ಎರಡೇ ದಿನ ಒಣಗಿದ್ದಿತು. ಹೊರಗೆ ಒಣಗಿದಂತೆ ಕಂಡರೂ ಸುಣ್ಣದ ಹೊಟ್ಟೆಯಲ್ಲಿ ತೇವವಿದ್ದಿತು. ಈಗಿನದನ್ನು ಎಂಟು ದಿನ ಬಿಸಿಲಿಗಿಟ್ಟಿದ್ದನು. ಅತ್ತೆ ಎಲ್ಲವನ್ನೂ ಕೇಳಿ, ‘ನನಗೇನು ಗೊತ್ತಪ್ಪ, ಒಣಗಿದ್ದೇ ಒಳ್ಳೇದಾದರೆ ಹಾಗೇ ಮಾಡು’ ಎಂದು ಒಪ್ಪಿಕೊಂಡರು. ಅರಿಶಿನದ ಪುಡಿಯನ್ನೂ ಒಣ ಕುಂಚದಿಂದಲೇ ತೆಗೆಯಿಸಿದರು.

ಹೊಯ್ಯುವ ಹೊತ್ತಿಗೆ ಮನೆಯವರೆಲ್ಲ ಹುಣಸೆ ಮರದಿಂದ ಹತ್ತು ಹೆಜ್ಜೆ ದೂರದಲ್ಲಿ, ಗಾಳಿಗೆ ಬೆನ್ನು ಮಾಡಿ ನಿಂತಿದ್ದೆವು. ಭಾವ ಬರುವುದಿಲ್ಲವೆಂದು ಪತ್ರಿಕೆ ಹಿಡಿದುಕೊಂಡು ಕಟ್ಟೆಯ ಮೇಲೆಯೇ ಕುಳಿತಿದ್ದರು. ಪತ್ರಿಕೆಯ ಪುಟ ಮಾತ್ರ ತಿರುಗುತ್ತಿರಲಿಲ್ಲ. ಹಾಲಿನಂತಿದ್ದುದು ಮುದ್ದೆಯಾಯಿತು, ಮುದ್ದೆ ಜೇನಾಯಿತು. ಹುಡುಗ ಉಷ್ಣಮಾಪಕವನ್ನು ನೋಡಿ, ಪಾತ್ರೆಯನ್ನು ಬಾಗಿಸಿ, ನೂಲಿನಷ್ಟು ತೆಳುವಾದ ಧಾರೆಯನ್ನು ಅಚ್ಚಿನ ಬಾಯಿಗಿಳಿಸಿದನು. ತುಂಬಿದ ಮೇಲೂ ಬಾಯಿಯಲ್ಲಿ ಒಂದಿಷ್ಟನ್ನು ಹೆಚ್ಚಾಗಿ ನಿಲ್ಲಿಸಿದನು. ಆರುವಾಗ ಪ್ಲಾಸ್ಟಿಕ್ಕು ಕುಗ್ಗುವುದರಿಂದ, ಈ ಹೆಚ್ಚಿನದು ಕೆಳಗಿಳಿದು ಕೊರತೆಯನ್ನು ತುಂಬಬೇಕು. ಸಂದಿಯಿಂದ ಒಂದು ಹನಿಯೂ ಹೊರಬರಲಿಲ್ಲ.

ಅತಿ ಕಷ್ಟವಾದುದು ಆಮೇಲಿನ ಹತ್ತು ನಿಮಿಷ. ತೆಗೆಯಲು ಅವಸರಪಟ್ಟರೆ ಬಾಲ ಹರಿಯುವುದು. ಸಕ್ಕರೆಯ ವಿಷಯದಲ್ಲೂ ಅಷ್ಟೇ. ಹಿಂದಿನ ಸಂಜೆ ನನ್ನ ಮಗಳು ಅವಸರದಲ್ಲಿ ಬಿಚ್ಚಿದ ಗಿಳಿಗೆ ತಲೆಯಿರಲಿಲ್ಲ. ಕೊನೆಗೆ ಹುಡುಗ ಎರಡು ಕ್ಲಾಂಪುಗಳನ್ನೂ ಸರದಿಯ ಮೇಲೆ ಸಡಿಲಿಸಿ, ಹಲಗೆ ತೆಗೆದು, ಹೋಳುಗಳನ್ನು ಬಿಡಿಸಿದನು. ಮೀನು ಮಲಗಿದ್ದಿತು. ಅದರ ಸುತ್ತ ಪೊರೆಯಿಲ್ಲ, ರೆಕ್ಕೆಯಿಲ್ಲ. ಎರಡು ಹೋಳುಗಳು ಕೂಡಿದ ಗೆರೆ ಕೂದಲೆಳೆಯಷ್ಟು. ಅತ್ತೆ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಮೊಮ್ಮಗನ ಅಂಗೈಯಲ್ಲಿದ್ದುದನ್ನೇ ಬೆರಳಿನಿಂದ ಮುಟ್ಟಿ, ‘ಚೆನ್ನಾಗಿ ಕೂತೈತೆ’ ಎಂದರು. ಆಮೇಲೆ ಕೇಳಿದರು: ‘ಇದು ಕೆರೆಯಲ್ಲಿ ಬಿದ್ದುಹೋದರೆ ಕರಗ್ತೈತೇನೋ?’

ಹುಡುಗ ತಕ್ಷಣ ಉತ್ತರಿಸಲಿಲ್ಲ. ‘ಇಲ್ಲ ಅಜ್ಜಿ.’

‘ಮೀನು ನುಂಗಿದರೆ?’

‘ಅದರ ಹೊಟ್ಟೆಯಲ್ಲೇ ಇರುತ್ತೆ.’

‘ಹಾಗಾದರೆ ಎಣಿಸಿ ತಗೊಂಡು ಹೋಗು, ಎಣಿಸಿ ತಗೊಂಡು ಬಾ. ಹರಿದದ್ದನ್ನೂ ತರಬೇಕು.’

ಇದು ಅಪ್ಪಣೆ. ಹರಿದ ತುಂಡುಗಳನ್ನು ಮತ್ತೆ ಕರಗಿಸಿ ಹೊಯ್ಯಬಹುದಾದ್ದರಿಂದ ಹುಡುಗನಿಗೂ ನಷ್ಟವಿರಲಿಲ್ಲ. ಅವನು ಒಪ್ಪಿದನು.

ಹಬ್ಬದ ಮರುದಿನ ನಾವು ನಾಯಕನಹಟ್ಟಿಗೆ ಹೊರಟೆವು. ತಿಪ್ಪೇರುದ್ರಸ್ವಾಮಿಗಳ ದರ್ಶನವಾಗಬೇಕೆಂದು ನನ್ನ ಹೆಂಡತಿಯ ಆಸೆ. ಈ ಬರದ ನೆಲದಲ್ಲಿ ಸ್ವಾಮಿಗಳು ಐದು ಕೆರೆಗಳನ್ನು ಕಟ್ಟಿಸಿದರೆಂದು ಜನ ಭಕ್ತಿಯಿಂದ ನೆನೆಯುತ್ತಾರೆ. ದುಡಿದವರಿಗೆ ಅವರವರು ಮಾಡಿದ ಕೆಲಸಕ್ಕೆ ತಕ್ಕ ಕೂಲಿ ಸಂದಿತೆಂಬ ಕಥೆ ಈ ಸೀಮೆಯ ಮಕ್ಕಳಿಗೂ ಬಾಯಿಪಾಠ. ಹಿಂತಿರುಗುವಾಗ ದಾರಿಯ ಬದಿಯ ಒಂದು ಕೆರೆಯ ಬಳಿ ಇಳಿದೆವು. ಆ ಕೆರೆಯ ಮೀನನ್ನು ಹರಾಜಿನಲ್ಲಿ ಹಿಡಿದಿದ್ದವರ ಅಪ್ಪಣೆಯನ್ನು ಹುಡುಗ ಮೊದಲೇ ಪಡೆದಿದ್ದನು. ಡಬ್ಬಿಯಲ್ಲಿ ಆರು ಮೀನುಗಳು. ಭಾವನೂ ನಮ್ಮೊಡನೆ ಬಂದಿದ್ದರು. ಹುಡುಗನಿಂದ ದೂರಕ್ಕೆ, ಏರಿಯ ಕಲ್ಲಿನ ಮೇಲೆ ಕುಳಿತಿದ್ದರು.

ಸಂಜೆಯ ಬಿಸಿಲಿನಲ್ಲಿ ಆ ಪುಟ್ಟ ಮೀನು ನೀರಿಗಿಳಿದು, ದಾರದ ಎಳೆತಕ್ಕೆ ಬಾಲ ಬಡಿಯುತ್ತ ನೇರವಾಗಿ ಬಂದಾಗ ನಾವೆಲ್ಲ ಮಕ್ಕಳಂತೆ ಚಪ್ಪಾಳೆ ತಟ್ಟಿದೆವು. ಮೂರನೆಯ ಎಸೆತಕ್ಕೆ ನೀರು ಬುಡಬುಡನೆ ಕಲಕಿ ಕೊರವವೊಂದು ಎರಗಿತು, ಎರಗಿ ತಪ್ಪಿಸಿಕೊಂಡಿತು. ಐದನೆಯ ಎಸೆತಕ್ಕೆ ಗಾಳ ಮುಳುಗಿದ್ದ ಬಳ್ಳಾರಿ ಜಾಲಿಯ ಬೊಡ್ಡೆಗೆ ಸಿಕ್ಕಿಕೊಂಡಿತು. ಹುಡುಗ ಅತ್ತ ಎಳೆದನು, ಇತ್ತ ಎಳೆದನು, ಬರಲಿಲ್ಲ. ದಾರ ಕತ್ತರಿಸಿದರೆ ಮುಗಿಯುವ ಕೆಲಸ. ಅವನು ಕತ್ತರಿಯನ್ನು ಜೇಬಿನಿಂದ ತೆಗೆದು, ಮತ್ತೆ ಜೇಬಿಗೇ ಇಟ್ಟನು. ಸುಟ್ಟ ಕೈಯನ್ನು ಕೆರೆಯ ನೀರಿನಲ್ಲಿ ಅದ್ದುವಂತಿರಲಿಲ್ಲ.

ಆಗ ಭಾವ ಎದ್ದರು. ಚಪ್ಪಲಿ ಕಳಚಿ, ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ಕಾಲಿನಿಂದ ನೆಲ ತಡವಿಕೊಳ್ಳುತ್ತ ನೀರಿಗಿಳಿದರು. ನೀರು ತೊಡೆಯವರೆಗೆ ಬಂದಿತು. ಬಾಗಿ, ಬೊಡ್ಡೆಯ ಸುತ್ತ ಕೈಯಾಡಿಸಿ, ‘ದಾರ ಸಡಿಲ ಬಿಡೋ!’ ಎಂದು ಕೂಗಿದರು. ನನ್ನ ಮುಖಾಂತರವಲ್ಲ, ನೇರವಾಗಿ ಹುಡುಗನಿಗೆ.

‘ಬಿಟ್ಟಿದ್ದೀನಪ್ಪ. ಮುಳ್ಳಿದೆ, ನೋಡಿಕೊಂಡು!’

‘ನನಗೆ ಗೊತ್ತಿಲ್ವೇನೋ ಜಾಲಿ?’

ಭಾವ ಪಂಚೆ ಹಿಂಡಿಕೊಳ್ಳುತ್ತ ದಡಕ್ಕೆ ಬಂದು ಅದನ್ನು ಮಗನ ಕೈಗೆ ಕೊಟ್ಟರು. ಮೀನಿನ ಬಾಲ ಅರ್ಧ ಹರಿದಿದ್ದಿತು. ಇಬ್ಬರೂ ಬಹಳ ಹೊತ್ತು ಅದರ ಬಾಲದ ದಪ್ಪ ಸಾಲದೆಂದೂ, ಅಚ್ಚಿನಲ್ಲಿ ಆ ಜಾಗವನ್ನು ಸ್ವಲ್ಪ ಕೆತ್ತಬೇಕೆಂದೂ ಮಾತನಾಡಿಕೊಂಡರು. ಒಲೆ ಮಾರುವ ವಿಷಯ ಬರಲಿಲ್ಲ.

ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆಯೇ ಕುಳಿತಿದ್ದರು. ‘ಎಷ್ಟು?’ ಎಂದರು.

‘ಆರು ಹೋಗಿತ್ತು, ಆರು ಬಂತು’ ಎಂದರು ಭಾವ.

ನಾವು ಹೊರಟ ಬೆಳಗ್ಗೆ ಹಿತ್ತಿಲಿನ ಮೇಜಿನ ಮೇಲೆ ಹೊಸ ಅಚ್ಚುಗಳು ಬಿಸಿಲು ಕಾಯುತ್ತಿದ್ದವು. ಪಕ್ಕದಲ್ಲಿ ಅತ್ತೆಯ ಮರದ ಅಚ್ಚುಗಳೂ ಪೆಟ್ಟಿಗೆಗೆ ಸೇರುವ ಮೊದಲು ಒಣಗುತ್ತಿದ್ದವು. ಮಗಳಿಗೆ ಅತ್ತೆ ಎಳ್ಳಿನ ಡಬ್ಬಿಯಲ್ಲಿ ಒಂದು ಸಕ್ಕರೆಯ ಮೀನನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟು, ಬೆಂಗಳೂರಿನವರೆಗೆ ಮುರಿಯದೆ ಒಯ್ಯಬೇಕೆಂದು ಹೇಳಿದ್ದರು. ಚಳ್ಳಕೆರೆ ಬರುವಷ್ಟರಲ್ಲಿ ಅದರ ಬಾಲ ಇರಲಿಲ್ಲ.